ನಕಾಶೆ ಕಂಡ ದಾರಿ

ಮಾನವ ಭೂಗೋಳ ಅಂದ ತಕ್ಷಣ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಪಿಯುಸಿ ಪುಸ್ತಕ, ಅದರಲ್ಲಿದ್ದ ಬಾಯಿಪಾಠದ ವ್ಯಾಖ್ಯೆಗಳು. ನಿರಪೇಕ್ಷ ಸ್ಥಾನ, ಸಾಪೇಕ್ಷ ಸ್ಥಾನ, ಜನವಸತಿ, ಮಾನದಂಡ, ಗಡಿ... ಹತ್ತು ಅಂಕಕ್ಕೆ ಬರೆದು ಮರೆತ ಪದಗಳು. ಆದರೆ ಇದೇ ವಿಷಯದ ಇನ್ನೊಂದು ಪದಕೋಶ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ದಿನಾ ಓಡಾಡುತ್ತಿರುತ್ತದೆ. ಬಾಂದುಕಲ್ಲು, ಟಿಪ್ಪಣಿ, ಪೋಡಿ, ಖರಾಬು, ಗ್ರಾಮಠಾಣಾ, ನಕಾಶೆ ಕಂಡ ದಾರಿ. ಓದುಬರಹ ಬಾರದ ರೈತ ಕೂಡ ಈ ಪದಗಳನ್ನು ತಪ್ಪಿಲ್ಲದೆ ಬಳಸುತ್ತಾನೆ, ಯಾಕಂದರೆ ಅವನ ಹೊಲ ಅದರ ಮೇಲೆ ನಿಂತಿದೆ.

ಈ ಎರಡೂ ಪದಕೋಶಗಳನ್ನು ಒಟ್ಟಿಗೆ ಇಟ್ಟು ನೋಡೋಣ ಅನ್ನಿಸಿತು. ಅದಕ್ಕೆ ಒಂದು ಊರು ಬೇಕಲ್ಲ? ಬದನಗುಪ್ಪೆಯನ್ನೇ ತೆಗೆದುಕೊಳ್ಳುತ್ತೇನೆ. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ, ಚಾಮರಾಜನಗರ ಬರುವುದಕ್ಕೆ ಸ್ವಲ್ಪ ಮುಂಚೆ ಸಿಗುವ ಊರು. ರೈಲಿನಲ್ಲಿ ಹೋದರೆ ಕವಲಂದೆ ದಾಟಿದ ಮೇಲೆ ಬರುವ ಸಣ್ಣ ಸ್ಟೇಷನ್ನು. ಇತಿಹಾಸದ ಪುಸ್ತಕಗಳಲ್ಲಿ ಹೆಸರು ಮಾಡಿದ ಊರೇನಲ್ಲ. ಅದಕ್ಕೇ ನಮ್ಮ ಪಾಠಕ್ಕೆ ಒಳ್ಳೆಯದು.

ಮೊದಲ ಪ್ರಶ್ನೆ: ಬದನಗುಪ್ಪೆ ಎಲ್ಲಿದೆ? ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶ, 77 ಡಿಗ್ರಿ ಪೂರ್ವ ರೇಖಾಂಶದ ಹತ್ತಿರ ಅಂದರೆ ಅದು ನಿರಪೇಕ್ಷ ಸ್ಥಾನ. ಯಾರು ಬಂದರೂ ಹೋದರೂ ಬದಲಾಗದ ಉತ್ತರ. "ನಗರದ ಹತ್ತಿರ ಕಣಪ್ಪ, ನಂಜನಗೂಡು ರೋಡು" ಅಂದರೆ ಸಾಪೇಕ್ಷ ಸ್ಥಾನ. ಇದು ಬದಲಾಗುತ್ತಾ ಇರುತ್ತದೆ. ರಸ್ತೆ ಬಂದರೆ ಊರು ಹತ್ತಿರವಾಗುತ್ತದೆ, ಕೆರೆ ಒಡೆದರೆ ದೂರವಾಗುತ್ತದೆ. ಊರಿನ ಇತಿಹಾಸ ಅಂದರೆ ಬಹುಮಟ್ಟಿಗೆ ಈ ಎರಡನೇ ಉತ್ತರದ ಇತಿಹಾಸವೇ. ಅಕ್ಷಾಂಶ ರೇಖಾಂಶಗಳು ಅಲ್ಲೇ ಇದ್ದವು. ಊರು ಮಾತ್ರ ಅರಸರ ಕಾಲದಲ್ಲಿ ಒಂದು ಕಡೆ, ರೈಲು ಬಂದ ಮೇಲೆ ಇನ್ನೊಂದು ಕಡೆ, ಜಿಲ್ಲೆಯಾದ ಮೇಲೆ ಮತ್ತೊಂದು ಕಡೆ ಇದ್ದಂತಾಯಿತು.

ಎರಡನೆಯದು ಹೆಸರು. ಕುಪ್ಪೆ ಅಂದರೆ ರಾಶಿ, ಗುಡ್ಡೆ. ಸಮಾಸದಲ್ಲಿ ಕಕಾರ ಗಕಾರವಾಗಿ ಗುಪ್ಪೆ. ನಮ್ಮ ಮೇಷ್ಟ್ರು ಹೇಳಿಕೊಟ್ಟ ಆದೇಶ ಸಂಧಿ, ಬೆಟ್ಟದಾವರೆ ಇದ್ದ ಹಾಗೆ. ಆನೇಕಲ್ ಕಡೆಯ ಬಿದರಗುಪ್ಪೆಯಲ್ಲೂ ಇದೇ ಗುಪ್ಪೆ. ಈ ಸೀಮೆಯ ಊರ ಹೆಸರುಗಳ ಬಾಲ ನೋಡಿದರೇನೇ ಒಂದು ಭೂಗೋಳ ಪಾಠವಾಗುತ್ತದೆ. ಹಳ್ಳಿ, ಪುರ ಎಲ್ಲಾ ಕಡೆಯೂ ಇವೆ. ಹುಂಡಿ ಮಾತ್ರ ಮೈಸೂರು-ಚಾಮರಾಜನಗರ ಸೀಮೆಯ ಗುರುತು, ದೊಡ್ಡೂರಿನ ಆಸುಪಾಸಿನ ಪುಟ್ಟ ನೆಲೆ. ಇದೇ ರೈಲು ದಾರಿಯಲ್ಲಿ ಚಿನ್ನದಗುಡಿ ಹುಂಡಿ ಅಂತ ಒಂದು ಸ್ಟೇಷನ್ನೇ ಇದೆ. ಸಂತೇಮರಹಳ್ಳಿ ಅಂದಾಗ ಸಂತೆ ಹೆಸರಿನಲ್ಲೇ ಕೂತಿದೆ.

ಈ ಸಂತೆಯ ವಿಷಯ ಸ್ವಲ್ಪ ನಿಂತು ನೋಡಬೇಕಾದ್ದು. 1933ರಲ್ಲಿ ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ ಅನ್ನುವವರು ಕೇಂದ್ರ ಸ್ಥಳ ಸಿದ್ಧಾಂತ ಮಂಡಿಸಿದರು. ಸುತ್ತಲಿನ ಹಳ್ಳಿಗಳಿಗೆ ಸಾಮಾನು, ಸೇವೆ ಒದಗಿಸುವ ಪೇಟೆಗಳು ಭೂಮಿಯ ಮೇಲೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಜನ ಎಷ್ಟು ದೂರ ಹೋಗಿ ಬರಬಲ್ಲರು ಅನ್ನುವುದರ ಮೇಲೆ ಅವುಗಳ ಅಂತರ ನಿಲ್ಲುತ್ತದೆ ಅಂತ. ಜೇನುಗೂಡಿನ ಹಾಗೆ ಆರು ಮೂಲೆಯ ಚಿತ್ರ ಬರೆದು ತೋರಿಸಿದರು. ನಮ್ಮ ಹಳ್ಳಿಯವರು ಆ ಆರು ಮೂಲೆ ಬರೆಯಲಿಲ್ಲ. ಬದಲಿಗೆ ವಾರಗಳನ್ನು ಹಂಚಿಕೊಂಡರು. ಇವತ್ತು ಆ ಊರಿನ ಸಂತೆ, ನಾಳಿದ್ದು ಈ ಊರಿನದು. ತಲೆಹೊರೆ ಇಟ್ಟುಕೊಂಡು ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದಷ್ಟು ದೂರದಲ್ಲಿ ಒಂದೊಂದು ಸಂತೆ. ಸಿದ್ಧಾಂತ ಜರ್ಮನಿಯದಾದರೂ ಲೆಕ್ಕ ಕಾಲಿನದು.

ಇನ್ನು ಊರಿನ ಹೆಸರು ಯಾರು ಇಡುತ್ತಾರೆ? ಹಳ್ಳಿಗಳಿಗೆ ಜನ ಇಟ್ಟರು, ಪಟ್ಟಣಗಳಿಗೆ ಅರಸರು ಇಟ್ಟರು. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. 1774ರಲ್ಲಿ ಖಾಸಾ ಚಾಮರಾಜ ಒಡೆಯರು ಹುಟ್ಟಿದ್ದು ಇಲ್ಲಿ. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ಹೆಸರನ್ನು ಊರಿಗೆ ಇಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಗುಂಡ್ಲುಪೇಟೆಗೂ ಮೊದಲು ವಿಜಯಪುರ ಅನ್ನುವ ಹೆಸರಿತ್ತು. ಅಲ್ಲಿನ ವಿಜಯನಾರಾಯಣ ದೇವಸ್ಥಾನ ಈಗಲೂ ಆ ಹೆಸರನ್ನು ಹಿಡಿದುಕೊಂಡಿದೆ. ಅರಿಕುಠಾರ ಮಾತ್ರ ನಕ್ಷೆಯಿಂದ ಸಂಪೂರ್ಣ ಅಳಿಸಿಹೋಯಿತು. ಹೆಸರು ಬದಲಾಯಿಸುವುದು ನಕ್ಷೆಯ ಮೇಲೆ ಮಾಡಬಹುದಾದ ಎಲ್ಲಕ್ಕಿಂತ ಅಗ್ಗದ ಕೆಲಸ, ಎಲ್ಲಕ್ಕಿಂತ ಹೆಚ್ಚು ಬಾಳುವ ಕೆಲಸ ಕೂಡ.

ಸರಿ, ಈ ನಕ್ಷೆ ಬಂದದ್ದು ಎಲ್ಲಿಂದ? 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರಿಗೆ ತಾವು ಗೆದ್ದದ್ದು ಏನು ಅಂತ ತಿಳಿಯಬೇಕಿತ್ತು. ಮರುವರ್ಷವೇ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ. ಏನು ಬೆಳೆಯುತ್ತಾರೆ, ಎಷ್ಟು ಕಂದಾಯ, ಯಾವ ಜಾತಿ, ಯಾವ ಕಸಬು ಅಂತ ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಾಲಿನ್ ಮೆಕೆಂಝಿ ಸಾಮ್ರಾಜ್ಯದ ಗಡಿಗಳನ್ನೂ ಊರುಗಳನ್ನೂ ಅಳೆಯುವ ಮೈಸೂರು ಸರ್ವೆ ಶುರುಮಾಡಿದ. ಅವನ ಜೊತೆ ಕಾವಲಿ ವೆಂಕಟ ಬೋರಯ್ಯ ಮತ್ತು ಆತನ ತಮ್ಮಂದಿರು ಇದ್ದರು. ಊರೂರಿನ ಕೈಫಿಯತ್ತುಗಳು, ಶಾಸನಗಳು, ವಂಶಾವಳಿಗಳು ಅವರ ಕೈಯಿಂದಲೇ ಸಂಗ್ರಹವಾದದ್ದು. ಮೆಕೆಂಝಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ.

ಮೂರನೆಯವನು ವಿಲಿಯಂ ಲ್ಯಾಂಬ್ಟನ್. ಅವನಿಗೆ ಊರು, ಕೆರೆ, ಕೈಫಿಯತ್ತು ಯಾವುದೂ ಬೇಡ. ಅವನಿಗೆ ಬೇಕಾದದ್ದು ತ್ರಿಕೋನ. 1800ರಲ್ಲಿ ಬೆಂಗಳೂರಿನ ಬಳಿ ಒಂದು ನೇರ ಗೆರೆ ಅಳೆದ. ಅದಕ್ಕೆ ಆಧಾರರೇಖೆ ಅನ್ನುತ್ತಾರೆ. ಗೆರೆಯ ಎರಡು ತುದಿಗಳಿಂದ ದೂರದ ಬೆಟ್ಟದ ತುದಿಯನ್ನು ನೋಡಿ ಎರಡು ಕೋನ ಅಳೆದರೆ ಸಾಕು, ಬೆಟ್ಟ ಹತ್ತದೆಯೇ ಅದರ ದೂರ ಗೊತ್ತಾಗುತ್ತದೆ. ನಮ್ಮ ಹೈಸ್ಕೂಲು ತ್ರಿಕೋನಮಿತಿ, ಅಷ್ಟೇ. ಆ ತ್ರಿಕೋನದ ಬಾಹು ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಕೊಂಡಿಗೆ ಕೊಂಡಿ ಸೇರಿಸಿ, 1802ರಲ್ಲಿ ಮದ್ರಾಸಿನಲ್ಲಿ ಮತ್ತೊಂದು ಆಧಾರರೇಖೆ ಅಳೆದು ಶುರುವಾದ ಕೆಲಸವೇ ಮುಂದೆ ಮಹಾ ತ್ರಿಕೋನಮಿತಿ ಸರ್ವೆ ಅನ್ನಿಸಿಕೊಂಡು ಹಿಮಾಲಯ ಮುಟ್ಟಿತು. ಈ ಕಣ್ಣಿಗೆ ಕಾಣುವುದು ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳಂಥ ಎತ್ತರಗಳು ಮಾತ್ರ. ನಡುವಿನ ಬಯಲಲ್ಲಿರುವ ಬದನಗುಪ್ಪೆಯಂಥ ಊರು ಆ ಕಣ್ಣಿಗೆ ಬರಿಯ ಖಾಲಿ ಜಾಗ.

ಇಲ್ಲೇ ಒಂದು ಮಾತು ಗಮನಿಸಿ. ಮೂವರೂ ಒಂದೇ ನಾಡನ್ನು ನೋಡಿದರು. ಒಬ್ಬನಿಗೆ ಬೆಳೆ ಕಂಡಿತು, ಒಬ್ಬನಿಗೆ ಊರು ಕಂಡಿತು, ಒಬ್ಬನಿಗೆ ಬೆಟ್ಟದ ತುದಿ ಕಂಡಿತು. ಯಾರಿಗೆ ಏನು ಬೇಕಿತ್ತೋ ಅದು ನಕ್ಷೆಗೆ ಬಂತು. ಬೇಡದ್ದು ಬರಲಿಲ್ಲ.

ಬದನಗುಪ್ಪೆಯಂಥ ಊರುಗಳನ್ನು ಹೊಲಹೊಲವಾಗಿ ಹತ್ತಿರದಿಂದ ನೋಡಿದ್ದು ಕಂದಾಯದ ಸರ್ವೆ. ಮೈಸೂರು ಸಂಸ್ಥಾನದಲ್ಲಿ ಬೊಂಬಾಯಿ ಪದ್ಧತಿಯ ಭೂಮಾಪನ 1863ರಲ್ಲಿ ಆರಂಭವಾಯಿತು. ಅದರ ಅಳತೆಗೋಲು 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಗುಂಟೆಯನ್ನು ಹದಿನಾರು ಭಾಗ ಮಾಡಿದರೆ ಒಂದು ಆಣೆ. ದುಡ್ಡಿನ ಆಣೆ ಹೋಗಿ ಎಷ್ಟೋ ಕಾಲವಾಯಿತು, ನೆಲದ ಆಣೆ ಮಾತ್ರ ದಾಖಲೆಗಳಲ್ಲಿ ಹಾಗೇ ಉಳಿದಿದೆ!

ಇಲ್ಲಿಂದ ನಮ್ಮ ಎರಡನೇ ಪದಕೋಶ ಶುರು. ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು. ಅದರ ಮೂಲೆಗಳಲ್ಲಿ ನೆಟ್ಟ ಕಲ್ಲು ಬಾಂದುಕಲ್ಲು. ಅಳೆಯುವಾಗ ಸ್ಥಳದಲ್ಲೇ ಬರೆದುಕೊಂಡ ಕೈನಕ್ಷೆ ಟಿಪ್ಪಣಿ. ಯಾವ ನಂಬರಿಗೆ ಎಷ್ಟು ವಿಸ್ತೀರ್ಣ, ಎಷ್ಟು ಕಂದಾಯ ಅಂತ ಹೇಳುವ ಪುಸ್ತಕ ಆಕಾರ್‌ಬಂದ್. ಅಣ್ಣತಮ್ಮಂದಿರು ಪಾಲಾಗಿ ಒಂದು ನಂಬರು ಎರಡಾದರೆ ಪೋಡಿ. ಮಳೆ ನಂಬಿದ ನೆಲ ಖುಷ್ಕಿ, ನೀರಾವರಿಯದು ತರಿ, ತೋಟದ್ದು ಬಾಗಾಯ್ತು. ದನ ಮೇಯಲು ಬಿಟ್ಟದ್ದು ಗೋಮಾಳ. ಊರಿನವರಿಗೆ ನೆರಳಿಗೆ ಬಿಟ್ಟ ಮರಗಳು ಗುಂಡುತೋಪು. ಒಂದು ಕಾಲದಲ್ಲಿ ಊರಿದ್ದು ಈಗ ಜನವೇ ಇಲ್ಲದೆ ದಾಖಲೆಯಲ್ಲಿ ಮಾತ್ರ ಉಳಿದದ್ದು ಬೇಚರಾಕ್ ಗ್ರಾಮ. ಒಂದೊಂದು ಬೇಚರಾಕ್ ಹೆಸರಿನ ಹಿಂದೆಯೂ ಬರವೋ ಪಿಡುಗೋ ದಂಡೋ ಬಂದು ಎದ್ದುಹೋದ ಜನ ಇದ್ದಾರೆ.

ಕಂದಾಯ ಹಾಕದೆ ಬಿಟ್ಟ ನೆಲ ಖರಾಬು. ಅದರಲ್ಲಿ ಎರಡು ಬಗೆ. ಬಂಡೆ, ಕೊರಕಲು ಅಂತ ಉಳುಮೆಗೆ ಬಾರದ್ದು ಅ ಖರಾಬು. ದಾರಿ, ಹಳ್ಳ, ಕೆರೆ, ಸ್ಮಶಾನ ಅಂತ ಸಾರ್ವಜನಿಕರಿಗಾಗಿ ಬಿಟ್ಟದ್ದು ಬ ಖರಾಬು. ಈ 'ಬ' ಅನ್ನುವ ಒಂದಕ್ಷರದ ಮೇಲೆ ಎಷ್ಟು ಊರುಗಳಲ್ಲಿ ಎಷ್ಟು ಜಗಳ ನಡೆದಿದೆಯೋ ಲೆಕ್ಕ ಇಟ್ಟವರಿಲ್ಲ.

ಇದೆಲ್ಲ ಸೇರಿ ಆಗುವುದು ಗ್ರಾಮ ನಕಾಶೆ. ಇಲ್ಲಿ ಪುಸ್ತಕದ ಒಂದು ಪದ ಬೇಕು: ಮಾನದಂಡ, ಅಂದರೆ ಸ್ಕೇಲು. ಸರ್ವೆ ಆಫ್ ಇಂಡಿಯಾದ ಹಳೆಯ ಭೂಪಟಗಳಲ್ಲಿ ಒಂದು ಮೈಲಿ ನೆಲ ಒಂದು ಅಂಗುಲದಲ್ಲಿ ಕೂತಿರುತ್ತದೆ. ಗ್ರಾಮ ನಕಾಶೆಯ ಮಾನದಂಡ 1:7920. ಅಂದರೆ ಒಂದು ಅಂಗುಲಕ್ಕೆ 660 ಅಡಿ, ಸರಿಯಾಗಿ ಇಪ್ಪತ್ತು ಸರಪಳಿ. ಅದೇ ಒಂದು ಮೈಲಿ ಇಲ್ಲಿ ಎಂಟು ಅಂಗುಲ ಚಾಚಿಕೊಳ್ಳುತ್ತದೆ. ಮೊದಲ ನಕ್ಷೆಯಲ್ಲಿ ಊರು ಒಂದು ಚುಕ್ಕೆ. ಎರಡನೆಯದರಲ್ಲಿ ನಿಮ್ಮ ಹೊಲದ ಸೊಟ್ಟ ಬದು ಕೂಡ ಕಾಣುತ್ತದೆ. ಮಾನದಂಡ ಬದಲಾದರೆ ಗಾತ್ರ ಮಾತ್ರ ಬದಲಾಗುವುದಿಲ್ಲ, ಯಾರು ಕಾಣಿಸುತ್ತಾರೆ ಯಾರು ಕಾಣಿಸುವುದಿಲ್ಲ ಅನ್ನುವುದೂ ಬದಲಾಗುತ್ತದೆ.

ಗ್ರಾಮ ನಕಾಶೆಯಲ್ಲಿ ತುಂಡುತುಂಡು ಗೆರೆಗಳು ಇರುತ್ತವೆ. ಜೋಡಿ ಗೆರೆ ಇದ್ದರೆ ಬಂಡಿದಾರಿ, ಒಂಟಿ ಗೆರೆ ಇದ್ದರೆ ಕಾಲುದಾರಿ. ಇದೇ ನಮ್ಮ ಶೀರ್ಷಿಕೆಯ "ನಕಾಶೆ ಕಂಡ ದಾರಿ". ಹಳ್ಳಿಯಲ್ಲಿ ದಾರಿಯ ಜಗಳ ಬಂದಾಗ ಹಿರಿಯರು ಮೊದಲು ಕೇಳುವ ಪ್ರಶ್ನೆ ಇದೇ, "ಅದು ನಕಾಶೆ ಕಂಡ ದಾರಿಯೋ, ಬಳಕೆ ದಾರಿಯೋ?" ನಕಾಶೆಯಲ್ಲಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು, ಸರ್ವೇಯರು ಬಂದು ಅಳೆದು ತೋರಿಸುತ್ತಾರೆ, ಬೇಲಿ ಹಾಕಿದವರು ತೆಗೆಯಬೇಕು. ಬರಿಯ ಬಳಕೆ ದಾರಿಯಾದರೆ ಅಷ್ಟು ಸುಲಭವಿಲ್ಲ. ನಾಲ್ಕು ತಲೆಮಾರು ನಡೆದಿದ್ದರೂ ನಾವು ನಡೆದೆವು ಅಂತ ಸಾಕ್ಷಿ ಹೇಳಿಸಬೇಕು, ಕೋರ್ಟು ಹತ್ತಬೇಕು. ನೂರೈವತ್ತು ವರ್ಷದ ಹಿಂದೆ ಸರಪಳಿ ಹಿಡಿದು ಬಂದವನ ಪೆನ್ಸಿಲು ಆ ದಿನ ಯಾವ ದಾರಿ ಎಳೆಯಿತು, ಯಾವುದನ್ನು ಬಿಟ್ಟಿತು ಅನ್ನುವುದರ ಮೇಲೆ ಇವತ್ತು ಒಬ್ಬನ ಕಬ್ಬಿನ ಗಾಡಿ ಹೊಲದಿಂದ ಹೊರಗೆ ಬರುತ್ತದೋ ಇಲ್ಲವೋ ತೀರ್ಮಾನವಾಗುತ್ತದೆ. ಸ್ಮಶಾನದ ದಾರಿಯ ವಿಷಯದಲ್ಲಂತೂ ಇದು ಇನ್ನೂ ಕಟುವಾದದ್ದು. ಊರ ಮಧ್ಯದಲ್ಲಿರುವವರಿಗೆ ಒಂದಲ್ಲ ಒಂದು ದಾರಿ ಸಿಗುತ್ತದೆ. ಊರಾಚೆಯ ಕೇರಿಯವರ ಹೆಣ ಹೊರುವ ದಾರಿ ಯಾರದ್ದೋ ಗದ್ದೆ ಬದುವಿನ ಮೇಲೆ ಬಿದ್ದಿರುತ್ತದೆ. ಅದು ನಕಾಶೆಗೆ ಬಂದಿತ್ತೋ ಇಲ್ಲವೋ ಅನ್ನುವುದು ಮನುಷ್ಯರ ಮರ್ಯಾದೆಯ ಪ್ರಶ್ನೆಯಾಗುತ್ತದೆ.

ಇನ್ನೊಂದು ವಿಚಿತ್ರ ನೋಡಿ. ಹೊಲವನ್ನು ಆಣೆ ಲೆಕ್ಕದಲ್ಲಿ ಅಳೆದ ಅದೇ ನಕಾಶೆಯಲ್ಲಿ ಜನ ವಾಸ ಮಾಡುವ ಜಾಗ ಒಂದೇ ಒಂದು ಮುದ್ದೆ. ಅದರ ಹೆಸರು ಗ್ರಾಮಠಾಣಾ. ಒಳಗೆ ಎಷ್ಟು ಮನೆ, ಯಾವ ಬೀದಿ, ಎಲ್ಲಿ ಕೇರಿ, ಏನೂ ಇಲ್ಲ. ಯಾಕೆ? ಮನೆಗೆ ಕಂದಾಯ ಇರಲಿಲ್ಲ, ಅಳೆಯುವ ಅಗತ್ಯವಿರಲಿಲ್ಲ. ಹೀಗಾಗಿ ಉಳುವ ನೆಲಕ್ಕೆ ಪಹಣಿ ಇದ್ದ ಮನುಷ್ಯನಿಗೆ ಮಲಗುವ ನೆಲಕ್ಕೆ ಸರಿಯಾದ ನಕ್ಷೆ ಇರಲಿಲ್ಲ. ಮಾನವ ಭೂಗೋಳದವರು ಜನವಸತಿ ಮಾದರಿ ಅಂತ ಪಾಠ ಮಾಡುತ್ತಾರಲ್ಲ, ಒತ್ತಾದ ವಸತಿ, ಚದುರಿದ ವಸತಿ, ರಸ್ತೆಗುಂಟ ಸಾಲು ವಸತಿ ಅಂತ, ಅದು ನಮ್ಮ ಕಂದಾಯ ನಕಾಶೆಯಲ್ಲಿ ಇಲ್ಲವೇ ಇಲ್ಲ. 2020ರಲ್ಲಿ ಕೇಂದ್ರದ ಸ್ವಾಮಿತ್ವ ಯೋಜನೆ ಬಂದು ಡ್ರೋನ್ ಹಾರಿಸಿ ಹಳ್ಳಿಯ ಮನೆಗಳನ್ನು ಅಳೆಯಲು ಶುರುವಾಯಿತು. 1863ಕ್ಕೂ 2020ಕ್ಕೂ ನಡುವೆ 157 ವರ್ಷ.

ಕಾಕತಾಳೀಯವೇ ಸರಿ, ಈ ಜಿಲ್ಲೆಯಲ್ಲಿ ಇನ್ನೊಂದು 157 ವರ್ಷದ ಕಥೆ ಇದೆ. ಅದು ಗಡಿಯದು. 1799ರಲ್ಲಿ ಮೈಸೂರನ್ನು ಹಂಚಿಕೊಂಡಾಗ ಕೊಳ್ಳೇಗಾಲ ಕಂಪನಿಯ ಪಾಲಿಗೆ ಹೋಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಚಾಮರಾಜನಗರ ಮೈಸೂರಿನಲ್ಲೇ ಉಳಿಯಿತು. ಒಂದು ದಿನದ ನಡಿಗೆಯ ಒಳಗೆ ಕಂಪನಿ ಸೀಮೆ, ಜಹಗೀರು, ಸಂಸ್ಥಾನ, ಮೂರು ಬಗೆಯ ಆಡಳಿತ! ಮಾದಪ್ಪನ ಬೆಟ್ಟಕ್ಕೆ ಹೋಗುವ ಪರಸೆಯವರು ಮಾತ್ರ ಎಂದಿನಂತೆ ನಡೆದುಕೊಂಡು ಹೋಗುತ್ತಿದ್ದರು. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಆದರೆ ಕನ್ನಡ ಮನೆಮಾತಿರುವ ತಾಳವಾಡಿ ಆಚೆಗೇ ಉಳಿಯಿತು, ಈಗ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದು ಅಲ್ಲೇ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದಾಗ ಎಷ್ಟೋ ಕನ್ನಡಿಗರಿಗೆ ಅಣ್ಣಾವ್ರ ಊರು ಕರ್ನಾಟಕದಲ್ಲಿ ಇಲ್ಲ ಅಂತ ಮೊದಲ ಸಲ ಗೊತ್ತಾಯಿತು. ಭಾಷೆಯ ಗಡಿ ಮತ್ತು ರಾಜ್ಯದ ಗಡಿ ಒಂದೇ ಅಲ್ಲ ಅನ್ನುವ ಪಾಠವನ್ನು ಇದಕ್ಕಿಂತ ನೋವಿನಿಂದ ಯಾವ ಮೇಷ್ಟ್ರೂ ಹೇಳಿಕೊಡಲಾರರು. 1997ರಲ್ಲಿ ಮೈಸೂರು ಜಿಲ್ಲೆ ಒಡೆದು ಚಾಮರಾಜನಗರ ಜಿಲ್ಲೆಯಾದಾಗ ಸಂಸ್ಥಾನದ ತುಂಡು, ಜಹಗೀರಿನ ತುಂಡು, ಕೊಯಮತ್ತೂರಿನ ತುಂಡು ಒಂದೇ ಜಿಲ್ಲಾಧಿಕಾರಿಯ ಕೆಳಗೆ ಬಂದವು.

ದೂರದ ಬಗ್ಗೆಯೂ ಎರಡು ಮಾತು. ಮೈಸೂರಿನಿಂದ ನಂಜನಗೂಡಿಗೆ ರೈಲು 1891ರಲ್ಲಿ ಬಂತು, ಅಲ್ಲಿಂದ ಬದನಗುಪ್ಪೆ ಮೇಲೆ ಚಾಮರಾಜನಗರಕ್ಕೆ 1926ರಲ್ಲಿ. ಮುಂದೆ ಸತ್ಯಮಂಗಲದ ಕಡೆಯಿಂದ ಮೆಟ್ಟುಪಾಳ್ಯಕ್ಕೆ ಸೇರಿಸಬೇಕು ಅನ್ನುವ ಮಾತು ತಲೆಮಾರುಗಳಿಂದ ಇದ್ದರೂ ಹಳಿ ಚಾಮರಾಜನಗರದಲ್ಲೇ ನಿಂತಿದೆ. ಆಚೆ ಕಾಡು, ಆನೆ. ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಹೋಗುವ ರಸ್ತೆಗಳಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ನಿಷೇಧ ಬಂತು. ಒಂದೇ ರಸ್ತೆ, ಒಂದೇ ಕಿಲೋಮೀಟರು, ಆದರೆ ಹಗಲಿನ ಸುಲ್ತಾನ್ ಬತ್ತೇರಿ ಹತ್ತಿರ, ರಾತ್ರಿಯ ಸುಲ್ತಾನ್ ಬತ್ತೇರಿ ಬಲು ದೂರ. ಇನ್ನು ಮನಸ್ಸಿನ ನಕ್ಷೆ ಅಂತ ಒಂದಿದೆ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಗೆ ಕುರ್ಚಿ ಹೋಗುತ್ತದೆ ಅನ್ನುವ ನಂಬಿಕೆಯಿಂದ ವರ್ಷಗಟ್ಟಲೆ ಮುಖ್ಯಮಂತ್ರಿಗಳು ಈ ಊರನ್ನು ಬಿಟ್ಟು ಸುತ್ತಿದರು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು ಹೋಗಿ ಐದು ವರ್ಷ ಮುಗಿಸಿದರು. ಬೆಂಗಳೂರಿನಿಂದ ಇನ್ನೂರು ಕಿಲೋಮೀಟರೂ ಇಲ್ಲದ ಊರು ಅಷ್ಟು ಕಾಲ ವಿಧಾನಸೌಧದಿಂದ ಎಷ್ಟು ದೂರ ಇತ್ತು ಅಂತ ನೀವೇ ಅಳೆಯಿರಿ :)

ಕೊನೆಗೆ ಒಂದು ಪದ: ಎಲ್ಲೆ. ನಮಗೆ ಎಲ್ಲೆ ಅಂದರೆ ಮುಗಿಯುವ ಜಾಗ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಯೆಲ್ಲೆ ಅಂದರೆ ಒಂದು ಕುಲದವರು ನೋಡಿಕೊಳ್ಳುವ ಇಡೀ ಸೀಮೆ. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ತಾಣಗಳು. ಅವರ ವಸತಿಯ ಹೆಸರು ಪೋಡು. ಕಂದಾಯದವರ ಪೋಡಿಗೂ ಇದಕ್ಕೂ ಒಂದೇ ಗುಣಿತಾಕ್ಷರದ ವ್ಯತ್ಯಾಸ. ಅದು ಭಾಗ ಮಾಡುತ್ತದೆ, ಇದು ಕೂಡಿ ಬಾಳುತ್ತದೆ. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು, ಎಷ್ಟೋ ಪೋಡುಗಳನ್ನು ಕಾಡಿನೊಳಗಿಂದ ಅಂಚಿಗೆ ತಂದರು. ಸರ್ಕಾರದ ನಕ್ಷೆಯಲ್ಲಿ ಅದು ಹಸಿರು ಬಣ್ಣ ಮಾತ್ರ. ಆಮೇಲೆ ಸೋಲಿಗ ಹಿರಿಯರು ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ನೂರಾರು ತಾಣಗಳನ್ನು ಹೆಸರು ಸಮೇತ ಗುರುತಿಸಿ ತಮ್ಮದೇ ನಕ್ಷೆ ಮಾಡಿಸಿದರು. 2011ರಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು, ಅದೇ ವರ್ಷ ಸೋಲಿಗ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಇನ್ನೂರು ವರ್ಷ ಬೇರೆಯವರು ಬರೆದ ನಕ್ಷೆಯಲ್ಲಿ ಖಾಲಿ ಜಾಗವಾಗಿದ್ದವರು ತಾವೇ ಬರೆದು ತೋರಿಸಿದರು.

ಈಗ ಬದನಗುಪ್ಪೆಯ ಹೆಸರು ಪೇಪರಿನಲ್ಲಿ ಬರುವುದು ಬದನಗುಪ್ಪೆ-ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ ಅಂತ. ಸಾವಿರ ಎಕರೆಗೂ ಮೀರಿದ ನೆಲ. ಖುಷ್ಕಿ, ಬಾಗಾಯ್ತು, ಸರ್ವೆ ನಂಬರು ಅನ್ನುವ ಪದಗಳ ಜಾಗಕ್ಕೆ ಪ್ಲಾಟು, ಲೇಔಟು ಬಂದಿವೆ. ಕಾರ್ಖಾನೆ ಬರಲಿ, ಮಕ್ಕಳು ಕೆಲಸಕ್ಕೆ ತಿರುಪುರಕ್ಕೋ ಬೆಂಗಳೂರಿಗೋ ಹೋಗುವುದು ತಪ್ಪಿದರೆ ಒಳ್ಳೆಯದೇ. ಆದರೆ ಎಲ್ಲೇ ಆಗಲಿ, ಹೊಸ ನಕ್ಷೆ ಬರೆಯುವಾಗ ಹಳೆಯ ನಕಾಶೆಯ ತುಂಡುಗೆರೆಗಳನ್ನು ಯಾರಾದರೂ ಎದುರಿಗಿಟ್ಟು ಕೇಳಬೇಕು. ಕೆರೆಗೆ ನೀರು ತರುತ್ತಿದ್ದ ಹಳ್ಳ ಎಲ್ಲಿ? ದನ ಹೋಗುತ್ತಿದ್ದ ದಾರಿ ಎಲ್ಲಿ? ಸ್ಮಶಾನ ಎಲ್ಲಿ? ಕೇಳದಿದ್ದರೆ ಅವು ಅರಿಕುಠಾರದ ಹಾಗೆ ಸದ್ದಿಲ್ಲದೆ ಹೋಗುತ್ತವೆ.

ನಿಮ್ಮ ಊರಿನ ಗ್ರಾಮ ನಕಾಶೆ ಈಗ ಭೂಮಾಪನ ಇಲಾಖೆಯ ತಾಣದಲ್ಲೇ ನೋಡಲು ಸಿಗುತ್ತದೆ. ಒಮ್ಮೆ ತೆಗೆದು, ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಅವರಿಗೆ ಗೊತ್ತಿರುವ ದಾರಿಗಳಲ್ಲಿ ಎಷ್ಟು ನಕಾಶೆ ಕಂಡಿವೆ, ಎಷ್ಟು ಕಂಡಿಲ್ಲ ಅಂತ ಲೆಕ್ಕ ಹಾಕಿ. ಕಾಣದೆ ಹೋದವುಗಳ ಹೆಸರನ್ನು ನಿಮ್ಮ ನಿಮ್ಮ ಬ್ಲಾಗಿನಲ್ಲಾದರೂ ಬರೆದಿಡಿ. ಓದಲು ಕಾಯುತ್ತಿರುತ್ತೇನೆ.